ಒಂದೇ ತಿರುವು: ಡೆನ್ವರ್ ತಂಡ ಜೋನ್ ಓಟವನ್ನು ಕಲಿತ ಬಗೆ

ಖೊ-ಖೊ ಆಡಿ ಬೆಳೆದವರಿಗೆ ಒಂದು ನಿಯಮ ಮೈಗೆ ಹತ್ತಿರುತ್ತದೆ. ಅಟ್ಟಿಸಿಕೊಂಡು ಹೋಗುವವನು ಎಡಕ್ಕೋ ಬಲಕ್ಕೋ ಒಮ್ಮೆ ದಿಕ್ಕು ಹಿಡಿದನೆಂದರೆ ಕಂಬದವರೆಗೆ ಹಿಂತಿರುಗುವಂತಿಲ್ಲ. ದಿಕ್ಕು ತಪ್ಪಿತೆಂದು ನಡುದಾರಿಯಲ್ಲಿ ಹೊಳೆದರೂ ಓಡಲೇಬೇಕು, ಇಲ್ಲವೇ ಕುಳಿತವನಿಗೆ ಖೊ ಕೊಡಬೇಕು. ಹಾಗಾಗಿ ಪಳಗಿದ ಆಟಗಾರ ನೋಡುವುದನ್ನೆಲ್ಲ ಏಳುವ ಮೊದಲೇ ನೋಡಿ ಮುಗಿಸಿರುತ್ತಾನೆ. ಎದ್ದ ಮೇಲೆ ಎರಡನೇ ಯೋಚನೆಗೆ ಅವಕಾಶವಿಲ್ಲ.

ಅಮೆರಿಕನ್ ಫುಟ್‌ಬಾಲ್‌ನ ‘ಜೋನ್ ರನ್’ ನನಗೆ ಅರ್ಥವಾದದ್ದು ಈ ನಿಯಮದ ಮೂಲಕ. ಅಲ್ಲಿ ಓಡುವವನನ್ನು ತಡೆಯುವ ಇಂಥ ಕಾನೂನು ಯಾವುದೂ ಇಲ್ಲ. ಚೆಂಡು ಹಿಡಿದವನು ಹತ್ತು ಸಲ ತಿರುಗಬಹುದು, ಹಿಂದಕ್ಕೆ ಓಡಬಹುದು, ಸುತ್ತು ಹಾಕಬಹುದು. ಆದರೂ 1995ರಲ್ಲಿ ಡೆನ್ವರ್ ಬ್ರಾಂಕೋಸ್ ತಂಡದ ತರಬೇತುದಾರರು ತಮ್ಮ ಓಟಗಾರರಿಗೆ ತಾವೇ ಒಂದು ಕಟ್ಟುಪಾಡು ಹಾಕಿದರು: ಒಂದು ತಿರುವು, ಅಷ್ಟೇ. ಆ ತಿರುವಿನ ಮೇಲೆ ಮೂರೇ ವರ್ಷಗಳಲ್ಲಿ ಅವರು ಕಟ್ಟಿದ್ದು ಏನು, ಹೇಗೆ ಎಂಬುದೇ ಈ ಪ್ರಕರಣ.

ಆಟ ತಿಳಿಯದವರಿಗೆ ಇಷ್ಟು ಸಾಕು. ದಾಳಿ ಮಾಡುವ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಚೆಂಡನ್ನು ಎಸೆದು ಸಾಗಬಹುದು, ಹೊತ್ತು ಓಡಿ ಸಾಗಬಹುದು. ಮುಂದೆ ಐದು ಜನ ದೈತ್ಯರು ಸಾಲಾಗಿ ನಿಂತಿರುತ್ತಾರೆ. ನಡುವೆ ಸೆಂಟರ್, ಅವನ ಇಕ್ಕೆಲಗಳಲ್ಲಿ ಗಾರ್ಡ್‌ಗಳು, ಅವರಾಚೆ ಟ್ಯಾಕಲ್‌ಗಳು. ಅವರ ಹಿಂದೆ ಕ್ವಾರ್ಟರ್‌ಬ್ಯಾಕ್, ಅವನಿಗೂ ಹಿಂದೆ ರನ್ನಿಂಗ್ ಬ್ಯಾಕ್. ಈ ಐವರು ಚೆಂಡನ್ನು ಮುಟ್ಟುವುದು ಅಪರೂಪ, ಅವರ ಹೆಸರು ಜನರ ನಾಲಿಗೆಯ ಮೇಲೆ ಬರುವುದು ಇನ್ನೂ ಅಪರೂಪ. ಈ ಪ್ರಕರಣದ ಮುಖ್ಯ ಪಾತ್ರಧಾರಿಗಳು ಅವರೇ.

ಕೈಯಲ್ಲಿದ್ದದ್ದು

1994ರಲ್ಲಿ ಡೆನ್ವರ್ ಏಳು ಪಂದ್ಯ ಗೆದ್ದು ಒಂಬತ್ತು ಸೋತಿತ್ತು. ಕ್ವಾರ್ಟರ್‌ಬ್ಯಾಕ್ ಜಾನ್ ಎಲ್ವೇಗೆ 1995ರ ಹೊತ್ತಿಗೆ 35 ವರ್ಷ. ಅವನ ತೋಳಿನ ಬಲ ದಂತಕಥೆಯಾಗಿತ್ತು, ಅವನ ಸೋಲುಗಳೂ ಅಷ್ಟೇ ಪ್ರಸಿದ್ಧವಾಗಿದ್ದವು. ಅವನು ತಂಡವನ್ನು ಮೂರು ಸೂಪರ್ ಬೌಲ್‌ಗಳಿಗೆ, ಅಂದರೆ ಲೀಗ್‌ನ ಅಂತಿಮ ಪಂದ್ಯಗಳಿಗೆ, ಒಯ್ದಿದ್ದ. ಮೂರರಲ್ಲೂ ಸೋಲು: 39-20, 42-10, 55-10. ಮೊದಲನೆಯ ಸೋಲಿನಲ್ಲಿ ಡೆನ್ವರ್ ಪರ ಅತಿ ಹೆಚ್ಚು ಗಜ ಓಡಿದವನು ಎಲ್ವೇಯೇ. ಎಸೆಯಬೇಕಾದವನೇ ಓಟದಲ್ಲೂ ಮುಂದು ಎಂದರೆ ಆ ತಂಡಕ್ಕೆ ಹೇಳಿಕೊಳ್ಳುವಂಥ ಓಟವೇ ಇರಲಿಲ್ಲ ಎಂದರ್ಥ.

1995ರಲ್ಲಿ ಮೈಕ್ ಶನಹಾನ್ ಮುಖ್ಯ ತರಬೇತುದಾರನಾಗಿ ಬಂದ. ಮುಂದಿನ ಸಾಲಿನ ಐವರನ್ನು ಅಲೆಕ್ಸ್ ಗಿಬ್ಸ್‌ಗೆ ಒಪ್ಪಿಸಿದ, ಓಟಗಾರರನ್ನು ಬಾಬಿ ಟರ್ನರ್‌ಗೆ. ಇವರ ಕೈಗೆ ಸಿಕ್ಕ ಸಾಮಗ್ರಿಯನ್ನು ನೋಡಿದರೆ ಯಾರಿಗೂ ಭರವಸೆ ಹುಟ್ಟುವಂತಿರಲಿಲ್ಲ. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ ಸೆಂಟರ್ ಟಾಮ್ ನೇಲೆನ್ 1994ರ ಏಳನೇ ಸುತ್ತಿನವನು, ಅಂದರೆ ಆ ವರ್ಷದ ಕೊನೆಯ ಸುತ್ತಿನವನು. ಎಡ ಗಾರ್ಡ್ ಮಾರ್ಕ್ ಶ್ಲೆರೆತ್, ಸುತ್ತುಗಳು ಇನ್ನೂ ಹೆಚ್ಚಿದ್ದ 1989ರಲ್ಲಿ ವಾಷಿಂಗ್ಟನ್ ತಂಡ ಹತ್ತನೇ ಸುತ್ತಿನಲ್ಲಿ ಆರಿಸಿಕೊಂಡವನು. ಲೀಗ್‌ನಲ್ಲೇ ಅತಿ ಹಗುರ ಸಾಲುಗಳಲ್ಲಿ ಇದೂ ಒಂದು. ಸರಾಸರಿ ತೂಕ 290 ಪೌಂಡಿಗೂ, ಅಂದರೆ ಸುಮಾರು 131 ಕಿಲೋಗೂ ಕಡಿಮೆ. ನಮ್ಮ ಕಣ್ಣಿಗೆ ಅದೇನೂ ಸಣ್ಣ ದೇಹವಲ್ಲ. ಆದರೆ ಎದುರಿಗೆ ನಿಲ್ಲುವವರು 150 ಕಿಲೋ ದಾಟಿದಾಗ ನೇರ ತಳ್ಳಾಟದಲ್ಲಿ ಗೆಲ್ಲುವ ಮಾತೇ ಇಲ್ಲ.

ಓಟಗಾರ ಟೆರೆಲ್ ಡೇವಿಸ್‌ನದು ಇನ್ನೂ ದೂರದ ದಾರಿ. ಅವನು ಮೊದಲು ಸೇರಿದ ಲಾಂಗ್ ಬೀಚ್ ಕಾಲೇಜು ಫುಟ್‌ಬಾಲ್ ತಂಡವನ್ನೇ ಮುಚ್ಚಿಬಿಟ್ಟಿತು. ಅಲ್ಲಿಂದ ಜಾರ್ಜಿಯಾಕ್ಕೆ ಹೋದ. ಕೊನೆಗೆ ಆರನೇ ಸುತ್ತಿನಲ್ಲಿ 196ನೆಯವನಾಗಿ ಡೆನ್ವರ್‌ಗೆ ಬಂದ. ಮೊದಲ ಬೇಸಿಗೆಯ ಶಿಬಿರದಲ್ಲಿ ಓಟಗಾರರ ಪಟ್ಟಿಯ ತಳದಲ್ಲಿದ್ದ, ಬಿಟ್ಟು ಮನೆಗೆ ಹೋಗುವ ಯೋಚನೆಯನ್ನೂ ಮಾಡಿದ್ದ. ಟೋಕಿಯೊದಲ್ಲಿ ನಡೆದ ಪೂರ್ವಸಿದ್ಧತಾ ಪಂದ್ಯದಲ್ಲಿ ಕಿಕ್ ಹಿಡಿದು ಓಡಿ ಬರುತ್ತಿದ್ದ ಎದುರಾಳಿಯನ್ನು ಅವನು ಕೆಡವಿದ ರಭಸ ತರಬೇತುದಾರರ ಗಮನ ಸೆಳೆಯಿತು. ತಂಡದಲ್ಲಿ ಉಳಿದದ್ದು ಓಟದಿಂದಲ್ಲ, ಆ ಒಂದು ಡಿಕ್ಕಿಯಿಂದ.

ಮೊದಲ ಹೆಜ್ಜೆ

ಓಟದ ಆಟವನ್ನು ಎರಡು ಬಗೆಯಲ್ಲಿ ಕಟ್ಟಬಹುದು. ಹಳೆಯ ಬಗೆಯಲ್ಲಿ ಪ್ರತಿ ತಡೆಗಾರನಿಗೂ ಹೆಸರು ಹಿಡಿದು ಒಬ್ಬ ಎದುರಾಳಿಯನ್ನು ಒಪ್ಪಿಸಲಾಗುತ್ತದೆ. ಓಟಗಾರ ನುಗ್ಗಬೇಕಾದ ಕಿಂಡಿ ಮೊದಲೇ ನಿಗದಿ. ಎಲ್ಲರೂ ತಮ್ಮ ಪಾಲಿನವನನ್ನು ಗೆದ್ದರೆ ಕಿಂಡಿ ತೆರೆಯುತ್ತದೆ, ಒಬ್ಬ ಸೋತರೂ ಮುಚ್ಚುತ್ತದೆ. ಜೋನ್ ಬಗೆಯಲ್ಲಿ ತಡೆಗಾರನಿಗೆ ಸಿಗುವುದು ಆಳಲ್ಲ, ಜಾಗ. ಐವರೂ ಒಂದೇ ಕ್ಷಣದಲ್ಲಿ ಒಂದೇ ದಿಕ್ಕಿಗೆ ಹೆಜ್ಜೆ ಹಾಕುತ್ತಾರೆ, ತಮ್ಮ ಜಾಗಕ್ಕೆ ಬಂದವನನ್ನು ತಡೆಯುತ್ತಾರೆ. ಕಿಂಡಿ ಎಲ್ಲಿ ತೆರೆಯುತ್ತದೆಂದು ಯಾರಿಗೂ ಮುಂಚೆ ಗೊತ್ತಿರುವುದಿಲ್ಲ. ಅದನ್ನು ಓಡುವವನು ಓಡುತ್ತಲೇ ಕಂಡುಕೊಳ್ಳಬೇಕು.

ಈ ಬಗೆಯನ್ನು ಡೆನ್ವರ್‌ನವರು ಹೊಸದಾಗಿ ಕಂಡುಹಿಡಿಯಲಿಲ್ಲ. ಗಿಬ್ಸ್ ಮಾಡಿದ್ದು ಬೇರೆ. ಅವನು ಪಾಠವನ್ನು ಕಿರಿದುಗೊಳಿಸಿದ. ಮೈದಾನದ ಅಂಚಿನತ್ತ ಎಳೆಯುವ ಔಟ್‌ಸೈಡ್ ಜೋನ್ ಒಂದು, ಅದಕ್ಕಿಂತ ಒತ್ತಾಗಿ ಒಳಗೆ ನುಗ್ಗುವ ಇನ್‌ಸೈಡ್ ಜೋನ್ ಇನ್ನೊಂದು. ಎದುರಾಳಿ ಹೇಗೇ ನಿಂತರೂ ಓಟದ ತಿರುಳು ಇವೆರಡೇ. ಅಭ್ಯಾಸದ ಸಮಯ ಎಷ್ಟಿದ್ದರೂ ಮುಗಿದುಹೋಗುವಂಥದ್ದು. ಇಪ್ಪತ್ತು ಆಟಗಳಿಗೆ ಅದನ್ನು ಹಂಚಿದರೆ ಒಂದೊಂದಕ್ಕೂ ಚಿಟಿಕೆಯಷ್ಟು ಸಿಗುತ್ತದೆ, ಎರಡಕ್ಕೆ ಹಂಚಿದರೆ ಎರಡೂ ರಕ್ತಕ್ಕಿಳಿಯುತ್ತವೆ. ಈ ಪ್ರಕರಣದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚುವುದು ಈ ನಿರ್ಧಾರವನ್ನು. ಹೆಚ್ಚು ಕಲಿಸುವುದಕ್ಕೆ ಉತ್ಸಾಹ ಸಾಕು, ಕಡಿಮೆ ಕಲಿಸಿ ಅದಕ್ಕೇ ಅಂಟಿಕೊಳ್ಳುವುದಕ್ಕೆ ಎದೆಗಾರಿಕೆ ಬೇಕು.

ಒಂದು ಓಟವನ್ನು ಹತ್ತಿರದಿಂದ ನೋಡೋಣ. ಓಟ ಎಡಕ್ಕೆ. ಎಡ ಗಾರ್ಡ್‌ನ ಎದುರಿಗೆ ಒಬ್ಬ ಭಾರಿ ಎದುರಾಳಿ ನೆಲಕ್ಕೆ ಕೈಯೂರಿದ್ದಾನೆ. ಸೆಂಟರ್‌ನ ಎದುರಿಗೆ ಯಾರೂ ಇಲ್ಲ, ನಾಲ್ಕು ಗಜ ಹಿಂದೆ ಲೈನ್‌ಬ್ಯಾಕರ್, ಅಂದರೆ ರಕ್ಷಣೆಯ ಎರಡನೇ ಸಾಲಿನವನು, ನಿಂತಿದ್ದಾನೆ. ಚೆಂಡು ಏಳುವ ಮೊದಲು ಪ್ರತಿಯೊಬ್ಬ ತಡೆಗಾರನೂ ತನ್ನನ್ನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ನನ್ನ ಎದುರಿಗೆ ಆಳಿದ್ದಾನೆಯೇ, ಇಲ್ಲವೇ? ಇಲ್ಲಿ ಗಾರ್ಡ್‌ನ ಉತ್ತರ ‘ಇದ್ದಾನೆ’, ಸೆಂಟರ್‌ನ ಉತ್ತರ ‘ಇಲ್ಲ’. ಎದುರಿಗೆ ಆಳಿಲ್ಲದವನು ಓಟದ ದಿಕ್ಕಿನಲ್ಲಿರುವ ನೆರೆಯವನಿಗೆ ಮೊದಲು ನೆರವಾಗಬೇಕು.

ಚೆಂಡು ಎದ್ದಿತು. ಇಬ್ಬರ ಎಡಗಾಲೂ ಒಟ್ಟಿಗೆ ಎಡಕ್ಕೆ ಸರಿಯುತ್ತವೆ. ಗಾರ್ಡ್ ಎದುರಾಳಿಯ ಹೊರಗಿನ ಕಂಕುಳನ್ನು ಗುರಿಯಾಗಿಸುತ್ತಾನೆ, ಸೆಂಟರ್‌ನ ಕೈ ಅದೇ ಎದುರಾಳಿಯ ಒಳಸೊಂಟಕ್ಕೆ ತಾಗುತ್ತದೆ. ನಾಲ್ಕು ಕೈಗಳೂ ಒಬ್ಬನ ಮೇಲೆ, ನಾಲ್ಕು ಕಣ್ಣುಗಳೂ ಹಿಂದಿರುವ ಲೈನ್‌ಬ್ಯಾಕರ್‌ನ ಮೇಲೆ. ಈಗ ಆ ಭಾರಿ ಮನುಷ್ಯ ಓಟವನ್ನು ಕಟ್ಟಿಹಾಕಲು ಎಡಕ್ಕೆ ಎಳೆದುಕೊಂಡು ಹೋದನೆಂದರೆ ಗಾರ್ಡ್ ಅವನನ್ನು ಅವನಿಗೆ ಬೇಕಾದ ಕಡೆಗೇ ಇನ್ನಷ್ಟು ತಳ್ಳುತ್ತಾನೆ, ಸೆಂಟರ್ ಬಿಡಿಸಿಕೊಂಡು ಲೈನ್‌ಬ್ಯಾಕರ್‌ನತ್ತ ಏರುತ್ತಾನೆ. ಅವನು ಒಳಕ್ಕೆ ನುಸುಳಿದರೆ ಸೆಂಟರ್ ಅವನನ್ನು ವಹಿಸಿಕೊಳ್ಳುತ್ತಾನೆ, ಗಾರ್ಡ್ ಲೈನ್‌ಬ್ಯಾಕರ್‌ನತ್ತ ಏರುತ್ತಾನೆ. ಯಾರು ಯಾರನ್ನು ಹಿಡಿಯಬೇಕೆಂದು ತೀರ್ಮಾನಿಸುವವನು ಎದುರಾಳಿ. ತಡೆಗಾರರು ಅವನ ತೀರ್ಮಾನವನ್ನು ಒಪ್ಪಿಕೊಂಡು ಅದನ್ನೇ ಅವನಿಗೆ ಉರುಳಾಗಿಸುತ್ತಾರೆ.

ಹಗುರ ದೇಹಗಳು ಇಲ್ಲಿ ಕೊರತೆಯಾಗಿ ಉಳಿಯುವುದಿಲ್ಲ. ಎದುರಾಳಿಯನ್ನು ಹಿಂದಕ್ಕೆ ದಬ್ಬಬೇಕಾಗಿಲ್ಲ, ಅಡ್ಡಕ್ಕೆ ಓಡಿಸಿದರೆ ಸಾಕು. 150 ಕಿಲೋದವನನ್ನು ಅಡ್ಡಡ್ಡ ಓಡಿಸಿದರೆ ಮೂರನೇ ಕ್ವಾರ್ಟರ್‌ಗೆ, ಅಂದರೆ ಪಂದ್ಯದ ಮೂರನೇ ಕಾಲುಭಾಗಕ್ಕೆ, ಅವನ ಕೈ ಸೊಂಟದ ಮೇಲಿರುತ್ತದೆ.

ಇನ್ನೊಂದು ಕೆಲಸ ಓಟಕ್ಕೆ ಬೆನ್ನಾಗಿರುವ ಬದಿಯಲ್ಲಿ ನಡೆಯುತ್ತಿತ್ತು, ಅದೇ ವಿವಾದಕ್ಕೆ ಕಾರಣವಾದದ್ದು. ಅಲ್ಲಿನ ತಡೆಗಾರರು ಎದುರಾಳಿಯ ಕಾಲುಗಳಿಗೆ ಅಡ್ಡ ಬಿದ್ದು ಅವನನ್ನು ನೆಲಕ್ಕೆ ಕೆಡವುತ್ತಿದ್ದರು. ಅದರ ಹೆಸರು ಕಟ್ ಬ್ಲಾಕ್. ಎದುರಾಳಿ ನೆಲದಲ್ಲಿದ್ದರೆ ಓಟಗಾರ ಹಿಂದಕ್ಕೆ ಮಡಚಿ ನುಗ್ಗಲು ಬಾಗಿಲು ತೆರೆದಂತೆಯೇ. ಅಂದಿನ ನಿಯಮದೊಳಗಿನ ತಂತ್ರವೇ ಅದು. ಆದರೆ ಮೊಣಕಾಲುಗಳಿಗೆ ಆತಂಕವಿದ್ದ ಎದುರಾಳಿಗಳು ಡೆನ್ವರ್‌ನ ಸಾಲನ್ನು ಕೊಳಕು ಆಟದವರೆಂದು ಬಯ್ದರು. ಆ ಸಿಟ್ಟಿನಲ್ಲಿ ನ್ಯಾಯವಿತ್ತು ಎಂದೇ ನನ್ನ ಅಭಿಪ್ರಾಯ. ಒಬ್ಬ ಮೇಲಿನಿಂದ ಹಿಡಿದಿರುವಾಗ ಇನ್ನೊಬ್ಬ ಕಾಲಿಗೆ ಬೀಳುವ ಚಾಪ್ ಬ್ಲಾಕನ್ನು ಈ ತಂಡಗಳ ಲೀಗ್ ಆದ ಎನ್‌ಎಫ್‌ಎಲ್ 2016ರಲ್ಲಿ ಪೂರ್ತಿಯಾಗಿ ನಿಷೇಧಿಸಿತು. ಈ ಬಗೆಯ ಓಟ ಅದರಿಂದ ಸಾಯಲಿಲ್ಲ, ಹಿಂಬದಿಯ ತಡೆಯನ್ನು ನಿಂತುಕೊಂಡು ಮಾಡುವುದನ್ನು ಕಲಿಯಿತು.

ಗಿಬ್ಸ್‌ನ ಹುಡುಗರು ಪತ್ರಕರ್ತರೊಂದಿಗೆ ಮಾತಾಡುತ್ತಿರಲಿಲ್ಲ. ಐವರೂ ಬಾಯಿಗೆ ಬೀಗ ಹಾಕಿಕೊಳ್ಳುವುದು ಆ ಸಾಲಿನ ಒಳನಿಯಮವಾಗಿತ್ತು. ಒಬ್ಬನ ಹೆಸರು ಮೇಲೇಳದಿರುವುದೇ ಐವರ ಹೆಜ್ಜೆ ಒಂದಾಗಿರಲು ಸಹಾಯ ಮಾಡಿತೆಂದು ನನಗೆ ಅನ್ನಿಸುತ್ತದೆ.

ಓಡುವವನ ಕಣ್ಣು

ಸಾಲು ಎಷ್ಟೇ ಚೆನ್ನಾಗಿ ಸರಿದರೂ ಓಡುವವನ ಕಣ್ಣು ತಪ್ಪಿದರೆ ಎಲ್ಲವೂ ನೀರಿನಲ್ಲಿ ಮಾಡಿದ ಹೋಮ. ಔಟ್‌ಸೈಡ್ ಜೋನ್‌ನಲ್ಲಿ ಅವನು ಚೆಂಡು ಪಡೆಯುತ್ತ ಮೈದಾನದ ಅಂಚಿನತ್ತ ಓರೆಯಾಗಿ ಓಡಬೇಕು. ಮೊದಲು ನೋಡಬೇಕಾದದ್ದು ಸಾಲಿನ ಹೊರತುದಿಯ ಎದುರಾಳಿಯನ್ನು. ತಡೆಗಾರ ಅವನನ್ನು ಒಳಗೆ ಸುತ್ತುಗಟ್ಟಿದ್ದರೆ ಹೊರಗಿನಿಂದ ಹೋಗು. ಅವನು ಹೊರಕ್ಕೆ ಚಾಚಿಕೊಂಡಿದ್ದರೆ ಕಣ್ಣನ್ನು ಒಳಗಿನ ಮುಂದಿನವನಿಗೆ ಹೊರಳಿಸು. ಆ ಎರಡನೆಯವನು ಸಾಲಿನೊಳಗೇ ಸಿಕ್ಕಿಬಿದ್ದಿದ್ದರೆ ಇಬ್ಬರ ನಡುವೆ ನುಗ್ಗು, ಅವನೂ ಹೊರಕ್ಕೆ ಹರಿಯುತ್ತಿದ್ದರೆ ಅವನ ಬೆನ್ನ ಹಿಂದಿನಿಂದ ಮಡಚು. ಇಷ್ಟೇ ಓದು. ಇದು ಮುಗಿಯುವುದು ಮೂರು ನಾಲ್ಕು ಹೆಜ್ಜೆಗಳಲ್ಲಿ. ಆಮೇಲೆ ಕಾಲೂರಿ ಒಂದೇ ತಿರುವು, ನಂತರ ನೇರ ಮುಂದಕ್ಕೆ.

ಕಷ್ಟವಿರುವುದು ನೇರ ಹೋಗುವುದರಲ್ಲಿ. ಚಿಕ್ಕಂದಿನಿಂದ ಎಲ್ಲರಿಗಿಂತ ವೇಗವಾಗಿ ಓಡಿ ಬೆಳೆದ ಹುಡುಗನಿಗೆ ಇನ್ನೊಂದು ಸುತ್ತು ಹಾಕಿದರೆ ಎಂಬತ್ತು ಗಜ ಸಿಗಬಹುದೆಂಬ ಆಸೆ ಸದಾ ಇರುತ್ತದೆ. ಗಿಬ್ಸ್ ಮತ್ತು ಟರ್ನರ್ ಕಿತ್ತುಹಾಕಿದ್ದು ಆ ಆಸೆಯನ್ನು. ಹಿಂದಕ್ಕೆ ಓಡಿ ಎರಡು ಗಜ ಕಳೆಯುವುದಕ್ಕಿಂತ ಗುಂಪಿನೊಳಗೆ ತಲೆ ತೂರಿಸಿ ಎರಡು ಗಜ ಗಳಿಸುವುದು ಮೇಲು. ಡೇವಿಸ್‌ಗೆ ಇದು ಒಗ್ಗಿತು. ಲೀಗ್‌ನಲ್ಲಿ ಅವನಿಗಿಂತ ವೇಗಿಗಳು ಅನೇಕರಿದ್ದರು. ಕಾಯುವುದು, ನೋಡುವುದು, ಕಾಲೂರಿ ಹೋಗಿಬಿಡುವುದು ಎಂಬ ಮೂರು ಕೆಲಸಗಳನ್ನು ಅವನಷ್ಟು ಹದವಾಗಿ ಜೋಡಿಸಿದವರು ವಿರಳ. ಮೊದಲ ವರ್ಷ 1,117 ಗಜ, ಎರಡನೆಯ ವರ್ಷ 1,538.

ಈ ಓಟಕ್ಕೆ ಒಂದು ಅವಳಿಯೂ ಇತ್ತು. ಎಲ್ಲರೂ ಎಡಕ್ಕೆ ಸರಿಯುತ್ತಾರೆ, ಎಲ್ವೇ ಚೆಂಡನ್ನು ಡೇವಿಸ್‌ಗೆ ಕೊಟ್ಟಂತೆ ಮಾಡಿ ತಾನೇ ಇಟ್ಟುಕೊಂಡು ಬಲಕ್ಕೆ ಓಡುತ್ತಾನೆ. ಇದು ಬೂಟ್‌ಲೆಗ್. ಹಿಂಬದಿಯ ಎದುರಾಳಿ ಓಟಗಾರನನ್ನು ಬೆನ್ನಟ್ಟಿದರೆ ಎಲ್ವೇ ಬಯಲಲ್ಲಿರುತ್ತಾನೆ. ಅವನು ಎಲ್ವೇಗಾಗಿ ಕಾದು ನಿಂತರೆ ಮಡಚಿ ಬರುವ ಡೇವಿಸ್‌ಗೆ ದಾರಿ ಸಿಗುತ್ತದೆ. 35 ದಾಟಿದ ಕ್ವಾರ್ಟರ್‌ಬ್ಯಾಕ್‌ಗೆ ಇದಕ್ಕಿಂತ ದೊಡ್ಡ ಉಡುಗೊರೆ ಬೇಡ.

ಆದರೂ 1996ರ ಋತು ಕಹಿಯಾಗಿಯೇ ಮುಗಿಯಿತು. 13 ಪಂದ್ಯ ಗೆದ್ದ ತಂಡ 1997ರ ಜನವರಿ 4ರಂದು ತನ್ನದೇ ಮೈದಾನದಲ್ಲಿ ಜಾಕ್ಸನ್‌ವಿಲ್‌ಗೆ 30-27ರಿಂದ ಸೋತು ಹೊರಬಿತ್ತು. ಇಂಥ ಸೋಲಿನ ನಂತರ ಹೊಸ ಆಟಗಳನ್ನು ತಂದು ತುಂಬುವ ತರಬೇತುದಾರರೇ ಹೆಚ್ಚು. ಡೆನ್ವರ್ ತನ್ನ ಎರಡು ಓಟಗಳನ್ನು ಬಿಡಲಿಲ್ಲ. ಮುಂದಿನ ಋತುವಿನಲ್ಲಿ ಡೇವಿಸ್ 1,750 ಗಜ ಓಡಿದ. ನಾಕೌಟ್‌ನ ಮೊದಲ ಪಂದ್ಯದಲ್ಲಿ ಅದೇ ಜಾಕ್ಸನ್‌ವಿಲ್ ಎದುರಾಯಿತು. ಡೇವಿಸ್ 184 ಗಜ ಓಡಿದ, ಡೆನ್ವರ್ 42-17ರಿಂದ ಗೆದ್ದಿತು.

ಸ್ಯಾನ್ ಡಿಯಾಗೊ, 1998ರ ಜನವರಿ 25

ಸೂಪರ್ ಬೌಲ್‌ನಲ್ಲಿ ಎದುರಾಳಿ ಹಿಂದಿನ ವರ್ಷದ ಚಾಂಪಿಯನ್ ಗ್ರೀನ್ ಬೇ ಪ್ಯಾಕರ್ಸ್. ಅವರ ಕಡೆ ರಕ್ಷಣಾ ಸಾಲಿನ ಹೆಸರಾಂತ ರೆಜಿ ವೈಟ್ ಇದ್ದ, ನಡುವಿನಲ್ಲಿ ಸುಮಾರು 345 ಪೌಂಡಿನ ಗಿಲ್ಬರ್ಟ್ ಬ್ರೌನ್ ಇದ್ದ. ಲೀಗ್‌ನ ಎರಡು ಗುಂಪುಗಳಲ್ಲಿ ಡೆನ್ವರ್ ಸೇರಿದ್ದ ಎಎಫ್‌ಸಿ ಸತತ 13 ಸೂಪರ್ ಬೌಲ್‌ಗಳನ್ನು ಸೋತಿತ್ತು. ಪಂಡಿತರ ಲೆಕ್ಕದಲ್ಲಿ ಪ್ಯಾಕರ್ಸ್ ಸುಮಾರು ಹನ್ನೊಂದು ಅಂಕ ಮುಂದಿತ್ತು.

ಮೊದಲ ಕ್ವಾರ್ಟರ್‌ನಲ್ಲಿ ಡೇವಿಸ್ ಎದುರಾಳಿಯ ಕೊನೆಯ ಗೆರೆಗೆ ಒಂದು ಗಜ ದೂರದಿಂದ ನುಗ್ಗಿ ಸಮ ಮಾಡಿದ, 7-7. ಅದೇ ಕ್ವಾರ್ಟರ್‌ನ ಕೊನೆಯಲ್ಲಿ ಅವನ ತಲೆಗೆ ಪೆಟ್ಟು ಬಿತ್ತು, ಚಿಕ್ಕಂದಿನಿಂದ ಕಾಡುತ್ತಿದ್ದ ಮೈಗ್ರೇನ್ ಎದ್ದಿತು. ಕಣ್ಣು ಮಂಜಾಯಿತು. ತಂಡ ಗೆರೆಯಿಂದ ಒಂದು ಗಜ ದೂರದಲ್ಲಿದೆ, ಓಟಗಾರನಿಗೆ ಕಣ್ಣೇ ಕಾಣುತ್ತಿಲ್ಲ. ಕಾಣುತ್ತಿಲ್ಲವೆಂದು ಹೇಳಿದವನನ್ನು ಶನಹಾನ್ ಒಳಗೆ ಕಳುಹಿಸಿದ. ಈ ಆಟಕ್ಕೆ ನಿನ್ನ ಕಣ್ಣು ಬೇಕಾಗಿಲ್ಲ, ಆದರೆ ನೀನು ಅಲ್ಲಿ ನಿಲ್ಲದಿದ್ದರೆ ನಾವು ಓಡುತ್ತೇವೆಂದು ಅವರು ನಂಬುವುದಿಲ್ಲ ಎಂಬುದು ಅವನ ಮಾತಿನ ತಾತ್ಪರ್ಯ. ಎಲ್ವೇ ಕೊಟ್ಟಂತೆ ಮಾಡಿದ, ಡೇವಿಸ್ ಬರಿಗೈಯಲ್ಲಿ ಗುಂಪಿನೊಳಗೆ ನುಗ್ಗಿದ, ರಕ್ಷಣೆಯೆಲ್ಲ ಅವನ ಹಿಂದೆ ಕುಸಿಯಿತು. ಎಲ್ವೇ ಇನ್ನೊಂದು ಬದಿಯಿಂದ ಗೆರೆ ದಾಟಿದ.

ಆ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೂರು ವರ್ಷ ಅದೇ ಹೆಜ್ಜೆ, ಅದೇ ಸರಿತ, ಅದೇ ಭುಜದ ಬಾಗು. ಆ ಪುನರಾವರ್ತನೆಯನ್ನು ಎದುರಾಳಿಯೂ ಕಲಿತಿದ್ದ. ಅವನು ಕಲಿತದ್ದನ್ನೇ ನಂಬಿ ಮೋಸಹೋದ. ತರಬೇತುದಾರನಾಗಿ ಶನಹಾನ್‌ನ ಜಾಣ್ಮೆ ಇಲ್ಲಿ ನಿಚ್ಚಳ. ಕಣ್ಣು ಕಾಣದ ಆಟಗಾರನನ್ನು ಒಳಗೆ ಕಳುಹಿಸಿದ್ದನ್ನು ಮಾತ್ರ ನನಗೆ ಮನಸಾರೆ ಒಪ್ಪಲಾಗುವುದಿಲ್ಲ. ತಲೆಪೆಟ್ಟಿನ ಬಗ್ಗೆ ನಮಗೆ ಇಂದು ತಿಳಿದಿರುವುದನ್ನು ಇಟ್ಟುಕೊಂಡು ನೋಡಿದರೆ ಅದು ಆಗಬಾರದಿತ್ತು.

ಆ ಒಂದು ಆಟ ಬಿಟ್ಟರೆ ಎರಡನೇ ಕ್ವಾರ್ಟರ್ ಪೂರ್ತಿ ಡೇವಿಸ್ ಹೊರಗಿದ್ದ. ಮಧ್ಯಂತರದ ನಂತರ ಹಿಂತಿರುಗಿ, ಮೊದಲ ಓಟದಲ್ಲೇ ಚೆಂಡು ಕಳೆದುಕೊಂಡ. ಪ್ಯಾಕರ್ಸ್ 17-17ಕ್ಕೆ ತಂದರು. ಡೆನ್ವರ್ ಮತ್ತೆ ಅವನ ಕೈಗೇ ಚೆಂಡು ಕೊಟ್ಟಿತು. 92 ಗಜದ ಸಾಗಾಟ, ಎಂಟು ಗಜಕ್ಕಾಗಿ ಗಾಳಿಯಲ್ಲಿ ಗಿರಕಿ ಹೊಡೆದು ಬಿದ್ದ ಎಲ್ವೇ, ಕೊನೆಗೆ ಒಂದು ಗಜದಿಂದ ಡೇವಿಸ್. ನಾಲ್ಕನೇ ಕ್ವಾರ್ಟರ್‌ನಲ್ಲಿ ಪ್ಯಾಕರ್ಸ್ ಮತ್ತೆ 24-24ಕ್ಕೆ ಸಮ ಮಾಡಿದರು.

3 ನಿಮಿಷ 27 ಸೆಕೆಂಡು ಉಳಿದಿದ್ದಾಗ ಡೆನ್ವರ್‌ಗೆ ಚೆಂಡು ಸಿಕ್ಕಿತು, ಪ್ಯಾಕರ್ಸ್‌ನ 49ನೇ ಗಜದಲ್ಲಿ. ಅಷ್ಟು ಹೊತ್ತಿಗೆ ಅವರ ಮುಂದಿನ ಸಾಲು ಅಡ್ಡಡ್ಡ ಓಡಿ ಓಡಿ ಬಸವಳಿದಿತ್ತು. ಒಂದು ದಂಡದಿಂದ 15 ಗಜ, ತಂಡದವನೇ ಆದ ಹೊವರ್ಡ್ ಗ್ರಿಫಿತ್‌ಗೆ ಎಲ್ವೇ ಎಸೆದ 23 ಗಜ, ಮತ್ತೆ ಡೇವಿಸ್‌ನ 17 ಗಜದ ಓಟ. ಚೆಂಡು ಒಂದು ಗಜದ ಗೆರೆಯಲ್ಲಿ. ಪ್ಯಾಕರ್ಸ್‌ನ ತರಬೇತುದಾರ ಮೈಕ್ ಹೋಮ್‌ಗ್ರೆನ್ ತನ್ನವರಿಗೆ ತಡೆಯಬೇಡಿ ಎಂದ. ಬೇಗ ಅಂಕ ಬಿಟ್ಟುಕೊಟ್ಟರಾದರೂ ತಮಗೆ ಸಮಯ ಉಳಿಯಲಿ ಎಂದು. 1 ನಿಮಿಷ 45 ಸೆಕೆಂಡು ಉಳಿದಿದ್ದಾಗ ಡೇವಿಸ್ ನಡೆದುಕೊಂಡೇ ಗೆರೆ ದಾಟಿದ. 31-24.

ಎಲ್ವೇ ಆ ದಿನ ಎಸೆದು ಗಳಿಸಿದ್ದು 123 ಗಜ, ಅವನ ಎಸೆತದಿಂದ ಒಂದೂ ಟಚ್‌ಡೌನ್, ಅಂದರೆ ಚೆಂಡಿನೊಂದಿಗೆ ಕೊನೆಯ ಗೆರೆ ದಾಟುವ ಗಳಿಕೆ, ಬರಲಿಲ್ಲ. ಡೇವಿಸ್ 30 ಸಲ ಓಡಿ 157 ಗಜ, ಮೂರು ಟಚ್‌ಡೌನ್, ಅದೂ ಒಂದು ಕ್ವಾರ್ಟರ್ ಹೊರಗೆ ಕುಳಿತು. ಪಂದ್ಯದ ಶ್ರೇಷ್ಠ ಆಟಗಾರನೂ ಅವನೇ.

ಸಾಲೋ, ಓಟಗಾರನೋ?

1998ರಲ್ಲಿ ಡೇವಿಸ್ 2,008 ಗಜ ಓಡಿದ, ಡೆನ್ವರ್ ಇನ್ನೊಂದು ಸೂಪರ್ ಬೌಲ್ ಗೆದ್ದಿತು. 1999ರ ನಾಲ್ಕನೇ ಪಂದ್ಯದಲ್ಲಿ ಅವನ ಮೊಣಕಾಲು ಹರಿಯಿತು. ಆಗ ಶುರುವಾಯಿತು ವಾದ. ಅವನ ಬದಲು ಬಂದ ಒಲಾಂಡಿಸ್ ಗ್ಯಾರಿ ಆ ವರ್ಷ 1,159 ಗಜ ಓಡಿದ. 2000ದಲ್ಲಿ ಆರನೇ ಸುತ್ತಿನ ಮೈಕ್ ಆಂಡರ್ಸನ್, ಮೊದಲು ಅಮೆರಿಕದ ಮರೀನ್ ಪಡೆಯ ಸೈನಿಕನಾಗಿದ್ದವನು, 1,487 ಗಜ ಓಡಿದ. ಈ ಸಾಲಿನ ಹಿಂದೆ ಯಾರನ್ನು ನಿಲ್ಲಿಸಿದರೂ ಸಾವಿರ ಗಜ ಎಂಬ ಮಾತು ಹುಟ್ಟಿತು. ಡೇವಿಸ್ ಆಟದ ಮಹಾನ್ ಆಟಗಾರರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ 2017ರವರೆಗೆ ಕಾಯಬೇಕಾಯಿತು. ಗಾಯಗಳಿಂದಾಗಿ 78 ಪಂದ್ಯಗಳಷ್ಟೇ ಆಡಿದ್ದು ಮುಖ್ಯ ಕಾರಣ, ಆದರೆ ಈ ಮಾತೂ ಅವನಿಗೆ ನೆರವಾಗಲಿಲ್ಲ.

ನನಗೆ ಆ ಮಾತು ಅರ್ಧಸತ್ಯವಾಗಿ ಕಾಣುತ್ತದೆ. ಸಾವಿರ ಗಜ ಸಾಲಿನದು ಎಂಬುದನ್ನು ಒಪ್ಪುತ್ತೇನೆ. ಎರಡು ಸಾವಿರ ಹಾಗಲ್ಲ. ಅದಕ್ಕಿಂತ ಮುಖ್ಯವಾಗಿ, ಗ್ಯಾರಿ ಮತ್ತು ಆಂಡರ್ಸನ್ ‘ಯಾರೋ’ ಆಗಿರಲಿಲ್ಲ. ಅವರೂ ಟರ್ನರ್‌ನ ಕೈಯಲ್ಲಿ ಅದೇ ಎರಡು ಓಟಗಳನ್ನು ತಿದ್ದಿಕೊಂಡವರು, ಎರಡನೇ ತಿರುವಿನ ಆಸೆ ಬಿಟ್ಟವರು. ಸಾಲೋ ಓಟಗಾರನೋ ಎಂದು ಕೇಳುವವರು ನಡುವಿನ ಆ ಅಭ್ಯಾಸದ ಮಧ್ಯಾಹ್ನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಗಿಬ್ಸ್ 2004ರಲ್ಲಿ ಅಟ್ಲಾಂಟಾಕ್ಕೆ ಹೋದ, ಆ ತಂಡ ಮೂರು ವರ್ಷ ಸತತವಾಗಿ ಓಟದಲ್ಲಿ ಲೀಗ್‌ಗೇ ಮೊದಲಾಯಿತು. ಡೆನ್ವರ್‌ನಲ್ಲಿ ಶನಹಾನ್‌ನ ಸಹಾಯಕನಾಗಿದ್ದ ಗ್ಯಾರಿ ಕುಬಿಯಾಕ್ ಹ್ಯೂಸ್ಟನ್‌ನಲ್ಲಿ ಮುಖ್ಯ ತರಬೇತುದಾರನಾದ. ಯಾವ ತಂಡವೂ ಆಯ್ಕೆ ಮಾಡದಿದ್ದ ಏರಿಯನ್ ಫೋಸ್ಟರ್ ಅಲ್ಲಿ 2010ರಲ್ಲಿ 1,616 ಗಜ ಓಡಿ ಲೀಗ್‌ಗೇ ಮೊದಲಿಗನಾದ. ಗಿಬ್ಸ್ 2021ರಲ್ಲಿ ತೀರಿಕೊಂಡ.

2020ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ 49ರ್ಸ್ ತಂಡ ಸೂಪರ್ ಬೌಲ್‌ನ ಹೊಸ್ತಿಲ ಪಂದ್ಯದಲ್ಲಿ ಮತ್ತೆ ಅದೇ ಗ್ರೀನ್ ಬೇಯನ್ನು ಎದುರಿಸಿತು. ಮುಖ್ಯ ತರಬೇತುದಾರ ಮೈಕ್ ಶನಹಾನ್‌ನ ಮಗ ಕೈಲ್. ಓಡಿದವನು ರಹೀಮ್ ಮೋಸ್ಟರ್ಟ್; ಯಾರೂ ಆಯ್ಕೆ ಮಾಡದೆ, ಅದಕ್ಕೆ ಮೊದಲು ಆರು ತಂಡಗಳು ಕೈಬಿಟ್ಟವನು. ಅಂದು ಅವನು 29 ಸಲ ಓಡಿ 220 ಗಜ, ನಾಲ್ಕು ಟಚ್‌ಡೌನ್ ಗಳಿಸಿದ. ಕ್ವಾರ್ಟರ್‌ಬ್ಯಾಕ್ ಜಿಮ್ಮಿ ಗರೊಪೊಲೊ ಇಡೀ ಪಂದ್ಯದಲ್ಲಿ ಎಸೆದದ್ದು ಎಂಟೇ ಸಲ. ಮೋಸ್ಟರ್ಟ್‌ಗೆ ಓಟ ಹೇಳಿಕೊಟ್ಟಿದ್ದ ತರಬೇತುದಾರ ಬಾಬಿ ಟರ್ನರ್.